ಹಿಡಿಯುವ ಮನೆ

ನಾನು ಹಿಡಿಯುವ ಮನೆಯ ಶಿವನಂಜಮ್ಮ. ಏರುಬೀದಿಯಲ್ಲಿ ನಲವತ್ತೊಂದು ವರ್ಷ ಬೇರೆಯವರ ಸಾಮಾನು ಹಿಡಿದುಕೊಂಡು ನಿಂತವಳು. ನನ್ನ ಬಾಯಿ ಜೋರು ಎಂದು ಬೀದಿಯವರೆಲ್ಲ ಹೇಳುತ್ತಾರೆ, ಸುಳ್ಳೇನಲ್ಲ. ಬೆಳಗಿನಿಂದ ಸಂಜೆಯವರೆಗೆ ಎರಡು ಕೈಯೂ ತುಂಬಿರುವವಳಿಗೆ ಬಿಡುವಾಗಿ ಉಳಿಯುವುದು ಬಾಯಿ ಒಂದೇ. ಅದನ್ನೂ ಮುಚ್ಚಿಕೊಂಡಿರು ಎಂದರೆ ಹೇಗೆ?

ನಮ್ಮ ಬೀದಿ ಕಾಣದವರಿಗೆ ಒಂದೆರಡು ಮಾತು ಹೇಳಿಬಿಡುತ್ತೇನೆ. ಬೀದಿಯ ಬುಡದಲ್ಲಿ ಚೀಟಿಕಟ್ಟೆ ಇದೆ. ಏನಾದರೂ ಕೆಲಸ ಆಗಬೇಕಾದವರು ತಮ್ಮ ಸಾಮಾನು ತಂದು ಅಲ್ಲಿ ಬಂಡಿಯ ಮೇಲೆ ಒಂದರ ಮೇಲೊಂದು ಪೇರಿಸುತ್ತಾರೆ. ಚೀಟಿ ಬರೆಯುವವರು ಯಾವ ಮನೆ ಮೊದಲು, ಯಾವುದು ಆಮೇಲೆ ಎಂದು ಬರೆದು ಬಂಡಿಗೆ ಕಟ್ಟುತ್ತಾರೆ. ಎತ್ತಿಲ್ಲ, ಎಳೆಯುವವರಿಲ್ಲ, ಬಂಡಿ ತಾನೇ ಹೊರಡುತ್ತದೆ. ಚೀಟಿಯಲ್ಲಿದ್ದ ಮನೆಯ ಮುಂದೆ ನಿಲ್ಲುತ್ತದೆ. ಆ ಮನೆಯವರು ಮೇಲಿರುವುದನ್ನು ಎತ್ತಿಕೊಂಡು ತಮ್ಮ ಕೆಲಸ ಮಾಡಿ ಮತ್ತೆ ಮೇಲೆಯೇ ಇಡುತ್ತಾರೆ. ಕೆಳಗೆ ಏನಿದೆ ಎಂದು ಇಣುಕುವುದಿಲ್ಲ, ಏನು ಎತ್ತಾ ಎಂದು ಕೇಳುವುದೂ ಇಲ್ಲ. ಬಂಡಿ ಮುಂದಿನ ಮನೆಗೆ ಹೋಗುತ್ತದೆ. ಚೀಟಿಯಲ್ಲಿ ಮನೆಗಳು ಮಾತ್ರ ಇರುತ್ತವೆ, ಸಾಮಾನಿನ ಹೆಸರು ಇರುವುದಿಲ್ಲ.

ಹೆಸರು ಬರೆಯುವಂತಿಲ್ಲ, ಬಾಯಲ್ಲಿ ಹೇಳುವಂತೆಯೂ ಇಲ್ಲ. ಬಂಡಿ ಹೊರಟ ಮೇಲೆ ಅದರ ಮೇಲಿರುವುದರ ಹೆಸರನ್ನು ಯಾರಾದರೂ ಹೇಳಿದರೆ ಗಾಲಿ ನೆಲ ಕಚ್ಚಿಕೊಳ್ಳುತ್ತದೆ, ಆ ಬಂಡಿ ಇನ್ನು ಮಿಸುಕುವುದಿಲ್ಲ. ಹೇಳಿದವರ ಬಾಗಿಲಿಗೆ ಅಂದಿನಿಂದ ಯಾವ ಬಂಡಿಯೂ ಬರುವುದಿಲ್ಲ. ಕಲಾಯಿ ಮನೆಯ ಮುದುಕ ಒಮ್ಮೆ ಮಗನಿಗೆ "ಹುಷಾರು ಕಣೋ, ಗಾಜಿನ ಹೂಜಿ" ಅಂದುಬಿಟ್ಟ. ಆಮೇಲೆ ನಾಲಿಗೆ ಕಚ್ಚಿಕೊಂಡು ಏನು ಬಂತು? ಆ ಬಂಡಿ ಇವತ್ತಿಗೂ ಅಲ್ಲೇ ಇದೆ, ಅದರಲ್ಲಿ ಕೋಳಿಗಳು ಮೊಟ್ಟೆ ಇಡುತ್ತವೆ. ಮುದುಕನ ಮನೆಯವರು ಕೆಳಪೇಟೆಯಲ್ಲಿ ವೀಳ್ಯದೆಲೆ ಮಾರುತ್ತಿದ್ದಾರೆ.

ಬೀದಿಯಲ್ಲಿ ಹೊಲಿಯುವ ಮನೆ, ಅರೆಯುವ ಮನೆ, ಸಾಣೆ ಮನೆ, ಬಣ್ಣದ ಮನೆ ಎಂದು ಮೂವತ್ತೆಂಟು ಮನೆಗಳಿವೆ. ಚೀಟಿಕಟ್ಟೆಯ ಪಕ್ಕದಲ್ಲೇ ನಮ್ಮ ನಾಲ್ಕು ಮನೆಗಳು. ನಾವು ಏನನ್ನೂ ಮಾಡುವುದಿಲ್ಲ. ಜೋಡಿ ಮನೆಯವರು ಮೇಲಿರುವುದಕ್ಕೆ ಅಂಥದ್ದೇ ಇನ್ನೊಂದನ್ನು ತಂದಿಡುತ್ತಾರೆ. ಇಳಿಸುವ ಮನೆಯವರು ಮೇಲಿರುವುದನ್ನು ತೆಗೆದುಬಿಡುತ್ತಾರೆ. ಅದಲುಬದಲು ಮನೆಯ ಮುದ್ದಯ್ಯ ಬಂಡಿಯ ಜೊತೆ ಮುಂದಿನ ಮನೆಗೆ ಹೋಗಿ ಮೇಲಿನದನ್ನು ಕೆಳಗೆ, ಅದರ ಕೆಳಗಿನದನ್ನು ಮೇಲೆ ಮಾಡುತ್ತಾನೆ. ನಾನು ಮೇಲಿನದನ್ನು ಎತ್ತಿ ಹಿಡಿದುಕೊಳ್ಳುತ್ತೇನೆ. ಬಂಡಿ ನನ್ನ ಬಾಗಿಲಿಗೆ ಬಂದು ನಿಂತರೆ ನಾನು ಅದರ ಜೊತೆ ಹೊರಟೆ ಎಂದು ಲೆಕ್ಕ. ಮುಂದಿನ ಮನೆಯವರು ಕೆಳಗಿನದರ ಕೆಲಸ ಮುಗಿಸುವವರೆಗೆ ಹಿಡಿದು ನಿಲ್ಲುವುದು, ಮುಗಿದ ತಕ್ಷಣ ಹೇಗಿತ್ತೋ ಹಾಗೇ ಮೇಲಿಡುವುದು. ನೆಲಕ್ಕೆ ಇಡುವಂತಿಲ್ಲ, ಕೇಳಿದ ಮೇಲೆ ಒಂದು ಉಸಿರಿನಷ್ಟೂ ತಡಮಾಡುವಂತಿಲ್ಲ. "ಅಷ್ಟೇನಾ?" ಎಂದು ಕೇಳುವವರಿಗೆ ನಾನು ಹೇಳುವುದು ಒಂದೇ. ನೀರು ತುಂಬಿದ ಕೊಳಗ ಹಿಡಿದು ಒಂದು ಮಧ್ಯಾಹ್ನ ಬಿಸಿಲಲ್ಲಿ ನಿಂತು ನೋಡಿ, ಆಮೇಲೆ ಮಾತಾಡೋಣ.

ನನಗೆ ಈ ಕೆಲಸ ಇಷ್ಟ. ಸಾಣೆ ಮನೆಯವನಿಗೆ ಸಾಣೆ ಮಾತ್ರ ಗೊತ್ತು, ಬಣ್ಣದವನಿಗೆ ಬಣ್ಣ ಮಾತ್ರ. ಎಲ್ಲರ ಅಂಗಳದಲ್ಲೂ ನಿಂತು ಎಲ್ಲರ ಕೆಲಸವನ್ನೂ ಕಣ್ಣಾರೆ ಕಂಡವಳು ನಾನು. ಗಂಡ ತೀರಿಹೋದ ವರ್ಷ ಮನೆಯಲ್ಲಿ ಕೂತಿದ್ದರೆ ಹುಚ್ಚು ಹಿಡಿಯುತ್ತಿತ್ತು. ಬಂಡಿ ದಿನಾ ಬಾಗಿಲಿಗೆ ಬಂದದ್ದರಿಂದ ಬದುಕಿಕೊಂಡೆ.

ಹೀಗಿರುವಾಗ ನನ್ನ ತಂಗಿಯ ಮಗಳು ಸುಗುಣ ಚೀಟಿಕಟ್ಟೆಗೆ ಬಂದಳು. ಬಹಳ ಚುರುಕಿನ ಹುಡುಗಿ. ಒಬ್ಬರು ಏಳು ಮನೆ ಸುತ್ತಿಸಿ ಮಾಡಿಸುತ್ತಿದ್ದುದನ್ನು ಐದರಲ್ಲಿ ಮುಗಿಸುವ ಹಾಗೆ ಚೀಟಿ ಬರೆಯುತ್ತಿದ್ದಳು. ಅವಳಿಗೆ ಅಕ್ಷರ ಕಲಿಸಿದವಳು ನಾನೇ, ಅದಕ್ಕೆ ನನಗೂ ಸ್ವಲ್ಪ ಜಂಬ ಇತ್ತು. ಒಂದು ದಿನ ಬೆಳಿಗ್ಗೆ ನಾನು ರೊಟ್ಟಿ ತಟ್ಟುತ್ತಿದ್ದಾಗ ಓಡಿ ಬಂದು ಎದುರಿಗೆ ಕೂತಳು.

"ದೊಡ್ಡಮ್ಮ, ಒಂದು ಮಾತು ಹೇಳ್ಲಾ? ಬೈಬಾರ್ದು."

"ಬೈಯೋ ಮಾತಾದ್ರೆ ಬೈತೀನಿ. ಹೇಳು."

ಅವಳು ನನ್ನ ಚಾಕು ತೆಗೆದುಕೊಂಡು ನೆಲದ ಮೇಲಿಟ್ಟಳು. ಅದರ ಮೇಲೆ ತಟ್ಟೆ ಇಟ್ಟಳು. "ಈಗ ಕೆಳಗಿರೋ ಚಾಕು ಸಾಣೆ ಹಿಡೀಬೇಕು. ಇಷ್ಟು ದಿನ ಏನ್ಮಾಡ್ತಿದ್ವಿ? ತಟ್ಟೆ ನೀವು ಹಿಡ್ಕೊಳ್ತಿದ್ರಿ, ಸಾಣೆ ಆಗ್ತಿತ್ತು, ವಾಪಸ್ ಇಡ್ತಿದ್ರಿ. ಇಲ್ಲಿ ನೋಡಿ." ಚಾಕು ಮೇಲೆ, ತಟ್ಟೆ ಕೆಳಗೆ ಮಾಡಿದಳು. ಕೈಬೆರಳಲ್ಲಿ ಚಾಕುವಿಗೆ ಸಾಣೆ ಹಿಡಿದಂತೆ ಮಾಡಿದಳು. ಮತ್ತೆ ತಟ್ಟೆಯನ್ನು ಮೇಲೆ ಮಾಡಿದಳು. "ಮುದ್ದಣ್ಣ ಎರಡು ಸಲ ಅದಲುಬದಲು ಮಾಡಿದ್ರೆ ಮುಗೀತು. ಯಾರೂ ಹಿಡ್ಕೊಂಡು ನಿಲ್ಲೋದೇ ಬೇಡ."

ನನ್ನ ರೊಟ್ಟಿ ಹೆಂಚಿನ ಮೇಲೆ ಸೀದುಹೋಯಿತು.

"ಹಂಗಾದ್ರೆ ನಾನೇನ್ ಮಾಡ್ಲಿ?" ಅಂದೆ.

"ಆರಾಮಾಗಿ ಇರಿ. ನಿಮ್ಮ ತೋಳು ನೋವು ನಂಗೆ ಗೊತ್ತಿಲ್ವಾ? ರಾತ್ರಿ ಎಣ್ಣೆ ತಿಕ್ಕಿ ತಿಕ್ಕಿ ನಂದೇ ಕೈ ಸೋತ್ಹೋಯ್ತು."

ಅವಳದು ಒಳ್ಳೆಯ ಮನಸ್ಸೇ. ಅದಕ್ಕೇ ಇನ್ನೂ ಸಿಟ್ಟು ಬಂತು. ಕೆಟ್ಟ ಮನಸ್ಸಿನಿಂದ ಹೇಳಿದ್ದರೆ ಚೆನ್ನಾಗಿ ಬೈದು ಹಗುರವಾಗುತ್ತಿದ್ದೆ. ಸೀದ ರೊಟ್ಟಿಯನ್ನೇ ಅವಳ ತಟ್ಟೆಗೆ ಹಾಕಿದೆ.

ಆಮೇಲೆ ಬಂಡಿಗಳು ನನ್ನ ಬಾಗಿಲು ಬಿಟ್ಟು ಹೋಗತೊಡಗಿದವು. ಚೀಟಿಯಲ್ಲಿ ನನ್ನ ಮನೆ ಇದ್ದ ಕಡೆಯಲ್ಲೆಲ್ಲ ಈಗ ಮುದ್ದಯ್ಯನ ಮನೆ. ಅವನಿಗೋ ಸಂಕಟ. ಸೋಮಾರಿ ಮನುಷ್ಯ, ದಿನಕ್ಕೆ ನಾಲ್ಕು ಬಂಡಿ ಬಂದರೆ ಸಾಕಪ್ಪಾ ಅನ್ನುವವನು, ಈಗ ಇಪ್ಪತ್ತು ಬರುತ್ತಿದ್ದವು. "ನಂಜಕ್ಕ, ನಿನ್ನ ಕೆಲಸ ನೀನೇ ಇಟ್ಕೋ ತಾಯಿ, ನಂಗೆ ಊಟಕ್ಕೂ ಪುರುಸೊತ್ತಿಲ್ಲ" ಎಂದು ಗೋಳಾಡುತ್ತ ಬಂಡಿಯ ಹಿಂದೆ ಓಡುತ್ತಿದ್ದ. ನಾನು ಜಗಲಿಯಲ್ಲಿ ಕೂತು ಅವನನ್ನು ಆಡಿಕೊಂಡು ನಗುತ್ತಿದ್ದೆ. ಒಳಗೆ ಬಂದರೆ ನಗು ಬರುತ್ತಿರಲಿಲ್ಲ. ಕೈಗಳನ್ನು ಎಲ್ಲಿಡಬೇಕೆಂದು ತಿಳಿಯುತ್ತಿರಲಿಲ್ಲ. ಸುಮ್ಮನೆ ಕೊಡ ಎತ್ತಿ ಹಿಡಿದು ನಿಲ್ಲುತ್ತಿದ್ದೆ, ನನಗೇ ನಾಚಿಕೆಯಾಗಿ ಇಳಿಸುತ್ತಿದ್ದೆ. ಒಂದು ತಿಂಗಳು ಹೀಗೇ ಕಳೆಯಿತು. ಎರಡನೆಯ ತಿಂಗಳಲ್ಲಿ ಒಂದು ಬಂಡಿಯೂ ಬರಲಿಲ್ಲ.

ಅದೇ ಹೊತ್ತಿಗೆ ಕೆಳಪೇಟೆಯ ಈರಭದ್ರಯ್ಯನವರು ಚೀಟಿಕಟ್ಟೆಗೆ ಬಂದರು. ಅವರ ಹೆಂಡತಿ ತುಂಗಮ್ಮ ಹಿಂದಿನ ವರ್ಷ ತೀರಿಕೊಂಡಿದ್ದರು. ಜೊತೆಯಲ್ಲಿರುವ ಮೊಮ್ಮಗಳು ಏಳು ತಿಂಗಳ ಬಸುರಿ. ಹುಟ್ಟುವ ಮಗುವಿಗೆ ಹಾಸಲು ಒಂದು ಮೆತ್ತನೆಯ ಕೌದಿ ಬೇಕೆಂದು ತಮ್ಮ ಎರಡು ಹಳೆಯ ಪಂಚೆಗಳನ್ನು ತಂದಿದ್ದರು. ನಾಮಕರಣದ ದಿನ ಮೊಮ್ಮಗಳು ಉಡಲಿ ಎಂದು ತುಂಗಮ್ಮನವರ ಸೀರೆಯೊಂದನ್ನು ತಂದಿದ್ದರು, ಬಣ್ಣ ಮಾಸಿತ್ತು. ಬಂಡಿಯಲ್ಲಿ ಕೆಳಗೆ ಎರಡು ಪಂಚೆ, ಅವುಗಳ ಮೇಲೆ ಸೀರೆ. ಪಂಚೆಗಳೆರಡನ್ನೂ ಕೂಡಿಸಿ ಹೊಲಿಯಬೇಕು, ಆಮೇಲೆ ಸೀರೆಗೆ ಬಣ್ಣ ಹಾಕಬೇಕು. ಇಷ್ಟೇ ಕೆಲಸ. ಕಟ್ಟೆ ಪಕ್ಕದಲ್ಲೇ ಅಲ್ಲವೇ, ಅವರು ಹೇಳಿದ್ದೆಲ್ಲ ನನ್ನ ಜಗಲಿಗೆ ಕೇಳಿಸಿತ್ತು.

ಸುಗುಣ ಎಂದಿನಂತೆ ಬರೆದಳು: ಅದಲುಬದಲು, ಹೊಲಿಗೆ, ಅದಲುಬದಲು, ಬಣ್ಣ.

ಬಂಡಿ ನನ್ನ ಬಾಗಿಲು ದಾಟುವಾಗ ನಾನು ಜಗಲಿಯಲ್ಲಿದ್ದೆ. ಮೇಲಿದ್ದುದನ್ನು ನೋಡಿದ ಕೂಡಲೇ ಗುರುತು ಸಿಕ್ಕಿತು. ಎಲೆ ಹಸಿರಿನ ಸೀರೆ, ಕೆಂಪು ಅಂಚು. ನಾನು ಕೈತುಂಬ ಹಿಡಿದು ಬಿಸಿಲಲ್ಲಿ ನಿಂತಾಗ ಬೀದಿಯಲ್ಲಿ ಎಷ್ಟೋ ಜನ ಓಡಾಡುತ್ತಿದ್ದರು. ನನಗೆ ಬಾಯಾರಿರಬಹುದು ಎಂದು ಹೊಳೆದದ್ದು ತುಂಗಮ್ಮನವರೊಬ್ಬರಿಗೇ. ಮಜ್ಜಿಗೆ ಲೋಟ ತಂದು ನನ್ನ ಬಾಯಿಗೆ ಹಿಡಿಯುತ್ತಿದ್ದರು. ಗಲ್ಲದ ಮೇಲೆ ಚೆಲ್ಲಿದ್ದನ್ನು ಆ ಸೀರೆಯ ಸೆರಗಿನಲ್ಲೇ ಒರೆಸುತ್ತಿದ್ದರು. ಆ ಸೆರಗಿಗೆ ಇಂಗು ಒಗ್ಗರಣೆಯ ವಾಸನೆ ಇರುತ್ತಿತ್ತು.

ಚೀಟಿಯನ್ನೂ ಓದಿದೆ. ಓದಿದವಳೇ ಎದ್ದು ನಿಂತೆ. ಸಾಣೆಯವನಿಗೆ ಬೇಕಾದದ್ದು ಒಂದೇ ಸಾಮಾನು, ಅಲ್ಲಿ ಅದಲುಬದಲು ನಡೆಯುತ್ತದೆ. ಹೊಲಿಗೆ ಮನೆಯವನು ಎತ್ತಿಕೊಳ್ಳುವುದು ಎರಡು. ಮುದ್ದಯ್ಯ ಒಂದು ಪಂಚೆಯನ್ನು ಮೇಲೆ ತಂದರೆ ಸೀರೆ ಅದರ ಕೆಳಗೆ ಬರುತ್ತದೆ, ಮೇಲಿನ ಎರಡು ಎಂದರೆ ಆ ಪಂಚೆ ಮತ್ತು ಈ ಸೀರೆ. ಹೊಲಿಗೆ ಮನೆಯ ನಾಗೋಜಿ ಸೀರೆಯನ್ನು ಕತ್ತರಿಸಿ ಕೌದಿಗೆ ಹಾಕುತ್ತಾನೆ. ಉಳಿದ ಇನ್ನೊಂದು ಪಂಚೆ ಬಣ್ಣದ ಮನೆಗೆ ಹೋಗುತ್ತದೆ. ಮೊಮ್ಮಗಳಿಗೆ ಕೊನೆಗೆ ಸಿಗುವುದು ಹಸಿರು ಬಣ್ಣದ ಪಂಚೆ.

ನಿಜ ಹೇಳಿಬಿಡುತ್ತೇನೆ, ಮೊದಲು ನನಗೆ ಖುಷಿಯಾಯಿತು. ಒಳಗೊಳಗೇ ಹಾಲು ಕುಡಿದಷ್ಟು ಖುಷಿ. ಈ ಒಂದು ಎಡವಟ್ಟು ಆಗಲಿ, ಇಡೀ ಬೀದಿ ನನ್ನ ಬಾಗಿಲಿಗೆ ಬರುತ್ತದೆ, ಸುಗುಣ ತಲೆ ತಗ್ಗಿಸಿಕೊಂಡು ಮೊದಲು ಬರುತ್ತಾಳೆ ಅಂದುಕೊಂಡೆ. ಏನೇನು ಮಾತಾಡಬೇಕು ಎಂದು ಯೋಚಿಸುತ್ತಲೇ ಚಪ್ಪಲಿ ಮೆಟ್ಟಿಕೊಂಡು ಬಂಡಿಯ ಹಿಂದೆ ಹೊರಟೆ. ತಮಾಷೆ ನೋಡುವುದಕ್ಕೇ ಹೊರಟದ್ದು.

ಈರಭದ್ರಯ್ಯನವರು ಬಂಡಿಯ ಪಕ್ಕದಲ್ಲಿ ಕೈ ಆನಿಸಿಕೊಂಡು ನಡೆಯುತ್ತಿದ್ದರು. ನನ್ನನ್ನು ಕಂಡು ನಿಂತರು.

"ಏನ್ ಶಿವನಂಜಮ್ನೋರೆ, ನೀವೂ ಬಂದ್ರಾ? ಒಳ್ಳೇದಾಯ್ತು. ಅವಳಿಗೂ ನಿಮ್ಮನ್ನ ಕಂಡ್ರೆ ಇಷ್ಟ ಇತ್ತು."

ದಾರಿಯುದ್ದಕ್ಕೂ ಅವರೇ ಮಾತಾಡಿದರು. ಮೊಮ್ಮಗಳು ಅಜ್ಜಿಯ ಹಾಗೇ ಇದ್ದಾಳಂತೆ, ಎತ್ತರವೂ ಅಷ್ಟೇ ಅಂತೆ, ಅದನ್ನು ಉಟ್ಟು ನಿಂತರೆ ತಮಗೆ ಹೇಗಾಗುತ್ತದೋ ಏನೋ ಅಂದರು. ಬಂಡಿಯ ಪಕ್ಕ ಇದ್ದುದರಿಂದ ಸೀರೆ ಎನ್ನದೆ "ಅದು" ಎಂದೇ ಹೇಳುತ್ತಿದ್ದರು. ನನ್ನ ಖುಷಿ ಹೆಜ್ಜೆಹೆಜ್ಜೆಗೂ ಕರಗಿತು.

ಹೊಲಿಗೆ ಮನೆಯ ಮುಂದೆ ಬಂಡಿ ನಿಂತಿತು. ಮುದ್ದಯ್ಯ ಒಂದು ಪಂಚೆಯನ್ನು ಮೇಲೆ ಮಾಡಿ, ಸೀರೆಯನ್ನು ಕೆಳಗಿಟ್ಟು, ಬೆವರು ಒರೆಸಿಕೊಂಡ. ನಾಗೋಜಿ ಮೇಲಿನ ಎರಡನ್ನೂ ಎತ್ತಲು ಬಂದ.

"ನಾಗೋಜಿ, ಸ್ವಲ್ಪ ತಡಿ. ಅದಲ್ಲ" ಅಂದೆ.

"ಯಾವ್ದಲ್ಲ ನಂಜಕ್ಕ?"

"ಮೇಲಿಂದು ಸರಿ, ಅದರ ಕೆಳಗಿಂದಲ್ಲ. ಅದರ ಕೆಳಗಿಂದು."

"ಮೇಲಿನ ಎರಡು ಹೊಲಿಯೋದು ನನ್ನ ಕೆಲಸ. ಚೀಟೀಲಿ ನಿಮ್ಮ ಮನೆ ಇಲ್ವಲ್ಲ?" ಎಂದು ಮುದ್ದಯ್ಯನ ಕಡೆ ನೋಡಿ ನಕ್ಕ. ಪಾಪ, ಅವನ ತಪ್ಪೇನಿದೆ. ಕೆಲಸವಿಲ್ಲದೆ ನಂಜಕ್ಕನಿಗೆ ತಲೆ ಕೆಟ್ಟಿದೆ ಎಂದು ಬೀದಿಯಲ್ಲಿ ಆಗಲೇ ಮಾತಾಗಿತ್ತು. ನಾನು ಮುಂದೆ ಹೋಗಿ ಸೀರೆಯ ಮಡಿಕೆಗೆ ಕೈ ಹಾಕಿದೆ. ಚೀಟಿಯಲ್ಲಿ ಇಲ್ಲದವರ ಕೈಗೆ ಬಂಡಿಯ ಸಾಮಾನು ಬರುವುದಿಲ್ಲ. ಎಷ್ಟು ಜಗ್ಗಿದರೂ ಕಲ್ಲು ಚಪ್ಪಡಿಯ ಹಾಗೆ ಕೂತಿತ್ತು. ನಾಗೋಜಿ ನನ್ನನ್ನು ಮೆಲ್ಲಗೆ ಪಕ್ಕಕ್ಕೆ ಸರಿಸಿದ. ಬಂಡಿಯ ಮೇಲೆಯೇ ಬಟ್ಟೆ ಹರವಿ, ಅಳತೆ ನೋಡಿ, ದೊಡ್ಡ ಕತ್ತರಿ ತೆಗೆದ.

ನಾನು ಸುಮ್ಮನಿದ್ದರೆ ನಾಳೆ ನನ್ನ ಕೆಲಸ ನನಗೆ ವಾಪಸು. ಬಾಯಿ ಬಿಟ್ಟರೆ ಈ ಜನ್ಮಕ್ಕೆ ಬಂಡಿ ನನ್ನ ಬಾಗಿಲಿಗೆ ಬರುವುದಿಲ್ಲ. ಅದು ನನಗೆ ಚೆನ್ನಾಗಿ ಗೊತ್ತಿತ್ತು. ಕತ್ತರಿ ಕೆಂಪು ಅಂಚಿನವರೆಗೆ ಬಂತು. ಈರಭದ್ರಯ್ಯನವರು ಏನೂ ತಿಳಿಯದೆ, ಹೊಲಿಗೆ ಮನೆಯವರಿಗೆ ಎಲ್ಲ ಗೊತ್ತಿರುತ್ತದೆ ಎಂಬ ನಂಬಿಕೆಯಲ್ಲಿ ನಿಂತಿದ್ದರು.

"ಅದು ತುಂಗಮ್ಮನ ಸೀರೆ ಕಣೋ!" ಎಂದು ಕೂಗಿದೆ.

ಗಾಲಿಗಳು ಕರಕರ ಎಂದು ನೆಲ ಕಚ್ಚಿಕೊಂಡವು. ಅರೆಯುವ ಮನೆಯ ಒರಳು ನಿಂತಿತು. ಕಿಟಕಿಗಳಲ್ಲಿ ತಲೆಗಳು ಕಾಣಿಸಿಕೊಂಡವು. ನಾಗೋಜಿ ಕೆಟ್ಟ ಮಾತು ಕೇಳಿದವನಂತೆ ಕತ್ತರಿ ಕೆಳಗೆ ಹಾಕಿದ. ಮುದ್ದಯ್ಯ ತಲೆಯ ಮೇಲೆ ಕೈ ಹೊತ್ತು ಅಲ್ಲೇ ಕುಕ್ಕರಿಸಿದ. "ಏನ್ ಮಾಡ್ಕೊಂಡೆ ಅಕ್ಕ, ಏನ್ ಮಾಡ್ಕೊಂಡೆ" ಎಂದು ಅಷ್ಟನ್ನೇ ಹೇಳುತ್ತಿದ್ದ.

ಗಾಲಿ ನೆಲ ಕಚ್ಚಿದ ಬಂಡಿಯ ಸಾಮಾನು ಬರೀ ಸಾಮಾನು, ಯಾರು ಬೇಕಾದರೂ ಎತ್ತಬಹುದು. ಈರಭದ್ರಯ್ಯನವರು ಸೀರೆಯನ್ನು ತೆಗೆದುಕೊಂಡು ಎದೆಗೆ ಒತ್ತಿಕೊಂಡರು. ಏನಾಗುವುದರಲ್ಲಿತ್ತು ಎಂದು ಆಗ ಅವರಿಗೆ ತಿಳಿಯಿತು. ಅವರ ಕಣ್ಣಲ್ಲಿ ನೀರು ಬಂತು. "ಅವಳ ಹೆಸರು ಯಾರ ಬಾಯಲ್ಲಾದ್ರೂ ಕೇಳಿ ಒಂದು ವರ್ಷವಾಗಿತ್ತು ನಂಜಮ್ಮ" ಅಂದರು. ಕೂಗಿದ್ದಕ್ಕೆ ನನಗೆ ಆ ಗಳಿಗೆಯಲ್ಲಿ ಒಂದಿಷ್ಟೂ ಪಶ್ಚಾತ್ತಾಪವಾಗಲಿಲ್ಲ. ಪಶ್ಚಾತ್ತಾಪ ಮನೆಗೆ ಹೋದ ಮೇಲೆ ಆಯಿತು, ಅದು ಬೇರೆ ಮಾತು.

ಸುಗುಣ ಬುಡದಿಂದ ಏದುಸಿರು ಬಿಡುತ್ತ ಓಡಿ ಬಂದಳು. ಚೀಟಿ ನೋಡಿದಳು, ಪಂಚೆಗಳನ್ನು ನೋಡಿದಳು, ಬೆರಳಿನಲ್ಲಿ ಗಾಳಿಯಲ್ಲಿ ಮೇಲೆ ಕೆಳಗೆ ಮಾಡಿ ನೋಡಿದಳು. ಅವಳ ಮುಖ ಬಿಳಿಚಿಕೊಂಡಿತು.

"ಹೊಲಿಗೆಗೆ ಎರಡು ಬೇಕು ಅನ್ನೋದು ನಂಗೆ ಹೊಳೀಲೇ ಇಲ್ಲ ದೊಡ್ಡಮ್ಮ. ನೀವು ಹಿಡಿದಿದ್ರೆ ಕೆಳಗೆ ಎಷ್ಟಿದ್ರೂ ನಡೀತಿತ್ತು. ನಿಮ್ಮ ಮನೇನ ನಾನೇ ಹಾಳುಮಾಡ್ಬಿಟ್ಟೆ" ಎಂದು ಅಳತೊಡಗಿದಳು.

ಎರಡು ತಿಂಗಳಿಂದ ಕೂಡಿಸಿಟ್ಟುಕೊಂಡಿದ್ದ ಬೈಗುಳ ಒಂದೂ ನೆನಪಾಗಲಿಲ್ಲ. "ಅತ್ತಿದ್ದು ಸಾಕು, ಮೂಗು ಒರೆಸ್ಕೋ. ಆ ಎರಡು ಪಂಚೆ ನಾಗೋಜಿಗೆ ಕೊಡು" ಅಂದೆ. ಪಂಚೆಯ ಹೆಸರು ಕೇಳಿ ನಾಗೋಜಿ ಕಿವಿ ಮುಚ್ಚಿಕೊಂಡ. ಆದರೂ ಹೊಲಿದುಕೊಟ್ಟ. ಅವನು ಹೊಲಿಯುವಷ್ಟು ಹೊತ್ತೂ ನಾನು ಸೀರೆ ಹಿಡಿದು ಅಂಗಳದಲ್ಲಿ ನಿಂತಿದ್ದೆ. ಸೆರಗಿನಲ್ಲಿ ಇಂಗಿನ ವಾಸನೆ ಹೋಗಿತ್ತು. ಅದು ಬೀದಿಯಲ್ಲಿ ನಾನು ಹಿಡಿದ ಕೊನೆಯ ಸಾಮಾನು.

ಆಮೇಲೆ ಬಂಡಿಗಳು ನನ್ನ ಬಾಗಿಲಿಗೆ ಬರಲಿಲ್ಲ, ನಾನು ಕಾಯಲೂ ಇಲ್ಲ. ಬೀದಿಯವರಿಗೆ ಮಾತ್ರ ಪೇಚಾಟ. ಎರಡು ಸಾಮಾನು ಬೇಕಾದ ಮನೆಗಳ ಚೀಟಿಗಳೆಲ್ಲ ಕಟ್ಟೆಯಲ್ಲಿ ರಾಶಿ ಬಿದ್ದವು. ಹಿಡಿಯಲು ಯಾರನ್ನು ಕೂರಿಸುವುದು ಎಂದು ಸುಗುಣ ಕೇಳಿದಾಗ ನಾನು ಈರಭದ್ರಯ್ಯನವರ ಹೆಸರು ಹೇಳಿದೆ. ಮುದುಕರಾದರೂ ಗಟ್ಟಿ ಆಳು, ಮನೆಯಲ್ಲಿ ಕೈಕಟ್ಟಿ ಕೂತು ಕೊರಗುತ್ತಿದ್ದರು. ನನ್ನ ಎದುರು ಮನೆ ಖಾಲಿ ಬಿದ್ದಿತ್ತು, ಬಳೆ ಮನೆಯವರು ಬಿಟ್ಟುಹೋಗಿದ್ದು. ಮೊಮ್ಮಗಳನ್ನೂ ಅವಳ ಗಂಡನನ್ನೂ ಕರೆದುಕೊಂಡು ಅಲ್ಲಿಗೆ ಬಂದರು.

ಕಲಿಸುವುದಕ್ಕೆ ಹದಿನೈದು ದಿನ ಹಿಡಿಯಿತು. ನನ್ನ ಜಗಲಿಯ ಮೇಲೆ ಕೂತು ನಾನು ಕೂಗುವುದು, ಅವರು ಎದುರಿಗೆ ನೀರಿನ ಕೊಳಗ ಹಿಡಿದು ನಿಲ್ಲುವುದು.

"ಮೊಣಕೈ ಪಕ್ಕೆಗೆ ಒತ್ತಿ. ಮಂಡಿ ಸಡಿಲ ಬಿಡಿ. ಹಿಡಿದಿದ್ದನ್ನ ನೋಡ್ತಾ ನಿಂತ್ರೆ ಭಾರ ಜಾಸ್ತಿ ಆಗುತ್ತೆ, ಬೀದಿ ನೋಡಿ."

"ಬೀದೀಲಿ ಏನ್ ನೋಡ್ಲಿ?"

"ಮುದ್ದಯ್ಯನ್ನ ನೋಡಿ, ನಗು ಬರುತ್ತೆ."

ಮುದ್ದಯ್ಯ ತನ್ನ ಜಗಲಿಯಿಂದ ಹಲ್ಲು ಕಿರಿಯುತ್ತಿದ್ದ. ದಿನಕ್ಕೆ ನಾಲ್ಕೇ ಬಂಡಿ ಎಂದು ಅವನು ಮತ್ತೆ ದಪ್ಪಗಾಗುತ್ತಿದ್ದ. ಸುಗುಣ ಸಂಜೆ ಬಂದು ಹೊಸ ಹೊಸ ಚೀಟಿ ತೋರಿಸುತ್ತಿದ್ದಳು. "ಇದ್ರಲ್ಲಿ ಎಡವಟ್ಟು ಇದ್ಯಾ ನೋಡಿ ದೊಡ್ಡಮ್ಮ" ಎಂದು ನನ್ನ ಮುಂದೆ ಹರಡುತ್ತಿದ್ದಳು. ಎಲ್ಲ ಮನೆಗಳ ಅಂಗಳದಲ್ಲೂ ನಿಂತವಳಲ್ಲವೇ ನಾನು, ಯಾರಿಗೆ ಎಷ್ಟು ಸಾಮಾನು ಬೇಕು ಎಂಬುದು ಬೆರಳ ತುದಿಯಲ್ಲಿತ್ತು. ದಿನ ಹೇಗೆ ಹೋಗುತ್ತಿತ್ತೋ ಗೊತ್ತಾಗುತ್ತಿರಲಿಲ್ಲ. ಆದರೂ ಮಧ್ಯಾಹ್ನ ಬಿಸಿಲೇರಿದಾಗ ಕೈಗಳು ತಾವಾಗಿಯೇ ಮಡಚಿಕೊಂಡು ಏನನ್ನೋ ಕಾಯುತ್ತಿದ್ದವು. ಅದೊಂದಕ್ಕೆ ಔಷಧಿ ಇರಲಿಲ್ಲ.

ಈರಭದ್ರಯ್ಯನವರ ಮೊಮ್ಮಗಳು ಹೆತ್ತಳು, ಹೆಣ್ಣುಮಗು. ನಾಮಕರಣಕ್ಕೆ ಹೊಸ ಬಣ್ಣದ ಸೀರೆ ಉಟ್ಟು ಕೂತಿದ್ದಳು. ಈರಭದ್ರಯ್ಯನವರು ಅವಳನ್ನು ಒಂದು ಸಲ ನೋಡಿ ಹೊರಗೆ ಹೋದವರು ಊಟದ ಹೊತ್ತಿಗೆ ಬಂದರು. ಮಗುವಿಗೆ ಹೊನ್ನಮ್ಮ ಎಂದು ಹೆಸರಿಟ್ಟರು. ನಾನು ಹೊನ್ನಿ ಅಂದೆ.

ಮಗುವಿಗೆ ನಾಲ್ಕು ತಿಂಗಳಾದಾಗ ಒಂದು ಬೆಳಿಗ್ಗೆ ತಾಯಿ ತಲೆಗೆ ನೀರು ಹಾಕಿಕೊಳ್ಳಲು ಹೋಗಿದ್ದಳು. ಈರಭದ್ರಯ್ಯನವರು ಮಗುವನ್ನು ಎತ್ತಿಕೊಂಡು ಜಗಲಿಯಲ್ಲಿ ಓಡಾಡುತ್ತಿದ್ದರು. ಅಷ್ಟರಲ್ಲಿ ಬಂಡಿ ಬಂದು ಅವರ ಬಾಗಿಲಲ್ಲಿ ನಿಂತಿತು, ಮೇಲೆ ಒಂದು ದೊಡ್ಡ ಭರಣಿ. ಬಂಡಿ ನಿಂತ ಮೇಲೆ ಕಾಯುವುದಿಲ್ಲ. ಅವರು ಒಮ್ಮೆ ಮಗುವನ್ನು ನೋಡಿದರು, ಒಮ್ಮೆ ಬಂಡಿಯನ್ನು ನೋಡಿದರು, ಬೀದಿ ದಾಟಿ ನನ್ನ ಹತ್ತಿರ ಓಡಿ ಬಂದರು.

"ನಂಜಮ್ಮ, ಸ್ವಲ್ಪ ಇವಳನ್ನ ಹಿಡ್ಕೊಳ್ಳಿ. ಈಗ ಬಂದ್ಬಿಡ್ತೀನಿ."

ಹಿಡಿದುಕೊಂಡೆ. ಮೊಣಕೈ ತಾನಾಗಿ ಪಕ್ಕೆಗೆ ಹೋಯಿತು, ಮಂಡಿ ಸಡಿಲವಾಯಿತು. ಮಗು ಕೊಳಗಕ್ಕಿಂತ ಹಗುರ, ಆದರೆ ಬೆಚ್ಚಗಿತ್ತು, ಒದೆಯುತ್ತಿತ್ತು, ನನ್ನ ಮೂಗು ಹಿಡಿದು ಜಗ್ಗುತ್ತಿತ್ತು. ನಲವತ್ತೊಂದು ವರ್ಷ ನಾನು ಹಿಡಿದ ಯಾವುದನ್ನೂ ಹೆಸರು ಹಿಡಿದು ಕರೆದಿರಲಿಲ್ಲ. "ಹೊನ್ನಿ" ಅಂದೆ. ನೆಲ ಏನೂ ಕಚ್ಚಿಕೊಳ್ಳಲಿಲ್ಲ. "ಹೊನ್ನೀ, ಹೊನ್ನಮ್ಮ, ನನ್ನ ಹೊನ್ನಕ್ಕ" ಎಂದು ಕರೆದೆ, ಅದು ಬೊಚ್ಚುಬಾಯಿ ತೆರೆದು ನಕ್ಕಿತು. ಬೀದಿಗೆಲ್ಲ ಕೇಳಿಸುವ ಹಾಗೆ ಕರೆದೆ. ನಾನು ಕರೆಯುತ್ತಿದ್ದ ಹಾಗೇ ಅದು ನನ್ನ ತೋಳಿನ ಮೇಲೇ ನಿದ್ದೆಹೋಯಿತು.

ಭರಣಿಯ ಕೆಲಸ ಮುಗಿಸಿ ಈರಭದ್ರಯ್ಯನವರು ಬಂದರು. ಪಂಚೆಗೆ ಕೈ ಒರೆಸಿಕೊಂಡು ಎರಡೂ ಕೈ ಚಾಚಿದರು.

"ಆಯ್ತು, ಕೊಡಿ."

ಕೇಳಿದ ಮೇಲೆ ಒಂದು ಉಸಿರಿನಷ್ಟೂ ತಡಮಾಡಬಾರದು ಎಂದು ಅವರಿಗೆ ಕಲಿಸಿದವಳು ನಾನೇ.

"ಕೊಡಲ್ಲ, ಈಗಷ್ಟೇ ಮಲಗಿದಾಳೆ. ಸಂಜೆ ಬನ್ನಿ" ಅಂದೆ.